ಗಂಟು ನಮ್ಮದು, ಬೀಗದ ಕೈ ಯಾರದು?

ಕಳೆದ ತಿಂಗಳು ನಮ್ಮ ಕಚೇರಿಗೆ ಬಂದ ಗಿರಣಿಯ ಗೆಳೆಯರೊಬ್ಬರು ಕೇಳಿದರು: "ಮೊಬೈಲಿನಲ್ಲಿ ಫೋಟೋ, ಹಾಡು, ಲೆಕ್ಕ ಎಲ್ಲವೂ ಪುಕ್ಕಟೆ. ಕೊಡುವವನಿಗೆ ಗಿಟ್ಟುವುದೇನು ಸ್ವಾಮಿ?" ಪ್ರಶ್ನೆ ಸಣ್ಣದಲ್ಲ. ಆದುದರಿಂದ ನಾವೇ ಪರೀಕ್ಷೆ ಮಾಡಲು ನಿಶ್ಚಯಿಸಿ, ಫೋಟೋ ಹಂಚುವುದೊಂದು, ಹಾಡು ಕೇಳಿಸುವುದೊಂದು, ಕೆಲಸದ ಪಟ್ಟಿ ಮತ್ತು ಟಿಪ್ಪಣಿ ಇಡುವುದೊಂದು, ಹೀಗೆ ಮೂರು ಆ್ಯಪುಗಳನ್ನು ಮೊಬೈಲಿಗೆ ಇಳಿಸಿಕೊಂಡು ಒಂದು ತಿಂಗಳು ಬಳಸಿದೆವು.

ಗುಣವನ್ನು ಗುಣವೆಂದೇ ಹೇಳಬೇಕು. ಮಗುವಿನ ಮುಖ ಹಳ್ಳಿಯಲ್ಲಿರುವ ಅಜ್ಜಿಗೆ ಅರೆಗಳಿಗೆಯಲ್ಲಿ ತಲುಪುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದವನು ಬೇಕಾದ ಹಾಡು ಕೇಳಿ ಮಲಗಬಹುದು. ತರಬೇಕಾದ ಸರಕು, ಬರಬೇಕಾದ ಬಾಕಿ ಅಂಗಡಿಕಾರನ ಅಂಗೈಯಲ್ಲಿರುತ್ತವೆ. ಯಂತ್ರವನ್ನು ಕಂಡು ಮುಖ ತಿರುಗಿಸುವವರು ನಾವಲ್ಲ. ಯಂತ್ರದ ಒಡೆತನ ಯಾರದು ಎಂಬುದೇ ನಮ್ಮ ಹಳೆಯ ಪ್ರಶ್ನೆ.

ಮೊದಲು ಫೋಟೋದ ಮಾತು. ಇನ್‌ಸ್ಟಾಗ್ರಾಂ ಎಂಬ ಆ್ಯಪು ಹುಟ್ಟಿದ್ದು 2010ರಲ್ಲಿ. 2012ರ ಏಪ್ರಿಲಿನಲ್ಲಿ ಫೇಸ್‌ಬುಕ್ ಸಂಸ್ಥೆ ಅದನ್ನು 100 ಕೋಟಿ ಡಾಲರಿಗೆ ಕೊಳ್ಳುವುದಾಗಿ ಸಾರಿತು. ಆಗ ಅಲ್ಲಿದ್ದ ನೌಕರರು 13 ಮಂದಿ; ಬಳಸುತ್ತಿದ್ದವರು ಸುಮಾರು 3 ಕೋಟಿ ಜನ. ಹದಿಮೂರು ಜನರ ಮೇಜು ಕುರ್ಚಿಗೆ ಇಷ್ಟು ಹಣ ಸುರಿಯುವ ಹುಚ್ಚ ಸಾಹುಕಾರ ಲೋಕದಲ್ಲಿ ಇದ್ದಾನೆಯೆ? ಬೆಲೆ ಬಂದದ್ದು ಮೂರು ಕೋಟಿ ಜನ ದಿನದಿನವೂ ತಂದು ತುಂಬಿದ ಚಿತ್ರಗಳಿಗೆ, ಅವರ ಕಣ್ಣಿಗೆ ಜಾಹೀರಾತು ಹಿಡಿಯಬಹುದೆಂಬ ಭರವಸೆಗೆ. ಆ ಬೆಲೆಯಲ್ಲಿ ಆ ಜನರಿಗೆ ಕಾಸೂ ಪಾಲು ಬರಲಿಲ್ಲ. ನಮ್ಮ ಗೆಳೆಯರ ಪ್ರಶ್ನೆಗೆ ಉತ್ತರ ಇದರಲ್ಲಿಯೇ ಇದೆ.

ಗೂಗಲ್ ಫೋಟೋಸ್ ಕಥೆ ಇನ್ನೊಂದು ಬಗೆಯದು. 2015ರಲ್ಲಿ ಅದು ಬಂದಾಗ, ಗಾತ್ರವನ್ನು ಸ್ವಲ್ಪ ಕುಗ್ಗಿಸಿಕೊಂಡರೆ ಎಷ್ಟು ಚಿತ್ರಗಳನ್ನಾದರೂ ಪುಕ್ಕಟೆ ಇಡಬಹುದೆಂದಿತು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎಂಬಂತೆ ಜನ ಮದುವೆ ಮುಂಜಿಯೆಲ್ಲವನ್ನೂ ಅಲ್ಲಿ ತುಂಬಿದರು. 2021ರ ಜೂನ್ 1ರಿಂದ ಲೆಕ್ಕ ಬದಲಾಯಿತು. ಹಳೆಯ ಚಿತ್ರಗಳನ್ನು ಹಾಗೆಯೇ ಬಿಟ್ಟರು, ನಿಜ, ಹೊಸವುಗಳಿಗೆ ಮಾತ್ರ ಅಂಚೆ, ಕಾಗದಪತ್ರ ಎಲ್ಲಕ್ಕೂ ಸೇರಿ 15 ಜಿಬಿ ಜಾಗ, ಮೀರಿದರೆ ಬಾಡಿಗೆ. ಬಾಡಿಗೆ ಕೇಳುವುದು ಅಪರಾಧವಲ್ಲ. ಸಾಮಾನೆಲ್ಲ ಒಳಗೆ ಬಂದ ಮೇಲೆ ಕರಾರು ತಿದ್ದುವ ಅಧಿಕಾರ ಒಬ್ಬನ ಕೈಯಲ್ಲಿಯೇ ಇದೆಯಲ್ಲ, ಅದನ್ನು ಗಮನಿಸಬೇಕು.

ಹಾಡಿನ ಆ್ಯಪಿನಲ್ಲಿಯೂ ಇದೇ ಪಾಠ. ಸ್ಪಾಟಿಫೈಗೆ ಹಣ ಕಟ್ಟಿದವರು ಹಾಡನ್ನು ಮೊಬೈಲಿಗೆ ಇಳಿಸಿಕೊಳ್ಳಬಹುದು. ಆದರೆ 30 ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್ಟಿಗೆ ಹಾಜರಿ ಹಾಕಬೇಕು, ಚಂದಾ ನಿಂತರೆ ಇಳಿಸಿದ ಹಾಡೂ ನಿಂತಿತು. ಹಿಂದೆ ಕೊಂಡ ಕ್ಯಾಸೆಟ್ಟು ತೇಯುವವರೆಗೆ ನಮ್ಮದೇ ಆಗಿತ್ತು. ಹಾಡಿದವನ ಪಾಡಾದರೂ ಸುಖವೆ? 2024ರಿಂದ ಅಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿನ ಧ್ವನಿಮುದ್ರಣಕ್ಕೆ ಗೌರವಧನವಿಲ್ಲ. ದೊಡ್ಡ ಗಾಯಕನಿಗೆ ಇದು ಲೆಕ್ಕಕ್ಕಿಲ್ಲ. ಪೆಟ್ಟು ಬೀಳುವುದು ಸಣ್ಣ ಊರಿನ ಹಾಡುಗಾರನಿಗೆ.

ಮೂರನೆಯದು ಕೆಲಸದ ಪಟ್ಟಿ. ಬರ್ಲಿನ್ ನಗರದವರು ಮಾಡಿದ ವಂಡರ್‌ಲಿಸ್ಟ್ ಎಂಬ ಆ್ಯಪು ಬಹಳ ಜನರಿಗೆ ಮೆಚ್ಚಾಗಿತ್ತು. 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. 2020ರ ಮೇ 6ರಂದು ಮುಚ್ಚಿತು. ಪಟ್ಟಿಯನ್ನು ತನ್ನ ಇನ್ನೊಂದು ಆ್ಯಪಿಗೆ ಸಾಗಿಸಲು ದಾರಿ ಕೊಟ್ಟಿತೆಂಬುದನ್ನು ಒಪ್ಪಬೇಕು. ನಾವು ಬಳಸಿದ ಆ್ಯಪಿನಲ್ಲಿ ಆ ದಾಕ್ಷಿಣ್ಯವೂ ಕಾಣಲಿಲ್ಲ. ಮೂರನೆಯ ವಾರ "ಪುಕ್ಕಟೆಯ ಮಿತಿ ಮುಗಿಯಿತು, ಹಣ ಕಟ್ಟಿ" ಎಂದಿತು. ಬರೆದದ್ದನ್ನು ಹೊರಗೆ ತೆಗೆದುಕೊಳ್ಳಹೋದರೆ, ಬಂದ ಕಡತವನ್ನು ಬೇರೆ ಯಾವ ಆ್ಯಪೂ ಓದಲೊಲ್ಲದು. ನಮ್ಮದು ನಾಲ್ಕು ಟಿಪ್ಪಣಿ, ಹೋದರೆ ಹೋಯಿತು. ಗಿರಾಕಿಗಳ ಉದ್ರಿಯನ್ನೆಲ್ಲ ಅಂಥ ಕಡೆ ಬರೆದಿಟ್ಟ ಅಂಗಡಿಕಾರ ಯಾರ ಬಾಗಿಲಿಗೆ ಹೋಗಬೇಕು?

ಇಲ್ಲಿ ಕಾನೂನಿನ ಮಾತು ಬರುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಅನಂತರ 2019ರಲ್ಲಿ ಸಂಸತ್ತಿನ ಮುಂದೆ ಬಂದ ಮಸೂದೆಯಲ್ಲಿ, ನಮ್ಮ ಮಾಹಿತಿಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕೂ ಇತ್ತು. ಯೂರೋಪಿನ ಒಕ್ಕೂಟದಲ್ಲಿ 2018ರ ಮೇ ತಿಂಗಳಿನಿಂದ ಜನರಿಗೆ ಈ ಹಕ್ಕಿದೆ. ಆದರೆ 2023ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಕಾಯಿದೆಯಲ್ಲಿ ಅದನ್ನು ಕೈಬಿಡಲಾಗಿದೆ. ಅಳಿಸಿರೆಂದು ಕೇಳಬಹುದು, ತಿದ್ದಿರೆಂದು ಕೇಳಬಹುದು. ನಮ್ಮ ಗಂಟು ನಮಗೆ ಕೊಡಿ, ಬೇರೆಡೆಗೆ ಒಯ್ಯುತ್ತೇವೆಂದು ಕೇಳುವಂತಿಲ್ಲ. ಈ ಹಕ್ಕು ಕಾಯಿದೆಯಲ್ಲಿ ಸೇರಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಕೇಳಿದರೆ ಆಗುವುದೇನು ಎಂದು ನಿಟ್ಟುಸಿರಿಡುವವರಿಗೆ ಒಂದು ನಿದರ್ಶನ. 2012ರ ಡಿಸೆಂಬರಿನಲ್ಲಿ ಇದೇ ಇನ್‌ಸ್ಟಾಗ್ರಾಂ, ಬಳಕೆದಾರರ ಚಿತ್ರಗಳನ್ನು ಅವರಿಗೆ ಏನನ್ನೂ ಕೊಡದೆ ಜಾಹೀರಾತಿಗೆ ಬಳಸಬಹುದೆಂಬ ಅರ್ಥ ಬರುವ ಷರತ್ತನ್ನು ಪ್ರಕಟಿಸಿತು. ಜನ ಗದ್ದಲವೆಬ್ಬಿಸಿದರು. ಕೆಲವೇ ದಿನಗಳಲ್ಲಿ ಕಂಪನಿ ಆ ಮಾತುಗಳನ್ನು ಹಿಂತೆಗೆದುಕೊಂಡಿತು. ಒಬ್ಬೊಬ್ಬರಾಗಿ ಗೊಣಗಿದ್ದರೆ ಹೀಗಾಗುತ್ತಿತ್ತೆ?

ಕಾನೂನು ಬರುವವರೆಗೆ ಸುಮ್ಮನಿರಬೇಕಾಗಿಲ್ಲ. ಫೋಟೋಗಳ ಇನ್ನೊಂದು ಪ್ರತಿಯನ್ನು ಮನೆಯ ಪೆನ್‌ಡ್ರೈವಿನಲ್ಲಿಡಿ. ಆ್ಯಪಿನಲ್ಲಿ ಬರೆದ ಉದ್ರಿಯನ್ನು ವಾರಕ್ಕೊಮ್ಮೆ ಕಿರ್ದಿ ಪುಸ್ತಕಕ್ಕೂ ಇಳಿಸಿ. ಹೊಸ ಆ್ಯಪು ಹಾಕಿಕೊಳ್ಳುವ ಮುನ್ನ, ಇಟ್ಟದ್ದನ್ನು ಹೊರಗೆ ತರಲು ಬಾಗಿಲಿದೆಯೆ ಎಂದು ನಾಲ್ಕು ಸಾಲು ಹಾಕಿ, ತೆಗೆದು ನೋಡಿ. ನಾವು ಆ ಪರೀಕ್ಷೆಯನ್ನು ಮೊದಲ ದಿನವೇ ಮಾಡಬೇಕಾಗಿತ್ತು. ಮೂರನೆಯ ವಾರ ಮಾಡಿದೆವು. ನೀವು ಅಷ್ಟು ತಡಮಾಡಬೇಡಿ.