ಎಪಿಕೆ ಒತ್ತಿದ್ದು ಚಿಕ್ಕಪ್ಪ, ಬಾಗಿಲು ತೆಗೆದಿಟ್ಟಿದ್ದು ನಾನು

ನಮ್ಮ ಕಡೆ ತೆಂಗಿನಕಾಯಿ ಅಟ್ಟಕ್ಕೆ ಹಾಕಿದರೆ ಉಂಡೆ ಕೊಬ್ಬರಿ ಆಗೋಕೆ ಹತ್ತು ಹನ್ನೊಂದು ತಿಂಗಳು ಬೇಕು. ಕಳೆದ ವರ್ಷ ಚಿಕ್ಕಪ್ಪ ಅಷ್ಟು ದಿನ ಕಾದು, ಸುಲಿಸಿ, ಒಡೆಸಿ, ತಿಪಟೂರು ಮಾರ್ಕೆಟ್ಟಿಗೆ ಹಾಕಿದ್ರು. ಆ ದುಡ್ಡು ಖಾತೆಯಲ್ಲಿ ನೆಟ್ಟಗೆ ಇದ್ದದ್ದು ಒಂಬತ್ತು ದಿನ. ಹತ್ತನೇ ದಿನ ಬೆಳಿಗ್ಗೆ ಗೊಬ್ಬರದ ಅಂಗಡಿಗೆ ದುಡ್ಡು ಹಾಕೋಣ ಅಂತ ನೋಡಿದ್ರೆ 84,000 ರೂಪಾಯಿ ಇಲ್ಲ.

ಹಿಂದಿನ ರಾತ್ರಿ ಊರಿನ ವಾಟ್ಸಾಪ್ ಗ್ರೂಪಿಗೆ ‘ಪಿಎಂ ಕಿಸಾನ್ ಹೊಸ ಪಟ್ಟಿ’ ಅಂತ ಒಂದು ಫೈಲ್ ಬಂದಿತ್ತು. ಕಳಿಸಿದ್ದು ಯಾರೋ ಅಪರಿಚಿತ ಅಲ್ಲ, ನಮ್ಮೂರ ಡೇರಿಗೆ ಹಾಲು ಹಾಕೋ ಹುಡುಗನ ನಂಬರಿಂದಾನೇ ಬಂದಿತ್ತು. ಅವನ ಫೋನು ಅದಕ್ಕೂ ಮೊದಲೇ ಕೆಟ್ಟು ಹೋಗಿತ್ತು, ಫೈಲು ಅವನಿಗೆ ಗೊತ್ತಿಲ್ಲದೇ ಎಲ್ಲಾ ಗ್ರೂಪಿಗೂ ಹೋಗ್ತಾ ಇತ್ತು. ಚಿಕ್ಕಪ್ಪ ಒತ್ತಿದ್ರು. ಇನ್‌ಸ್ಟಾಲ್ ಆಯ್ತು. ಎಸ್ಸೆಮ್ಮೆಸ್ ಓದೋಕೆ ಅನುಮತಿ ಕೇಳ್ತು, ಕೊಟ್ರು. ಹೆಸರು, ಆಧಾರ್ ನಂಬರ್ ಕೇಳ್ತು, ಆಮೇಲೆ ‘ಖಾತೆ ಪರಿಶೀಲನೆಗೆ 1 ರೂಪಾಯಿ’ ಅಂತ ಎಟಿಎಂ ಕಾರ್ಡಿನ ನಂಬರು, ಹಿಂದುಗಡೆಯ ಮೂರು ಅಂಕಿ ಕೇಳ್ತು. ಕಿಸೆಯಿಂದ ಕಾರ್ಡ್ ತೆಗೆದು, ಕನ್ನಡಕ ಹಾಕ್ಕೊಂಡು, ಒಂದೊಂದೇ ಅಂಕಿ ನೋಡಿ ತುಂಬಿದಾರೆ ಪಾಪ. ಅಷ್ಟಾದ ಮೇಲೆ ಕಳ್ಳರಿಗೆ ಬೇಕಾಗಿದ್ದು ಓಟಿಪಿ ಒಂದೇ. ಅದನ್ನ ಫೋನಿನೊಳಗೆ ಕೂತಿದ್ದ ಆ್ಯಪ್ಪೇ ಓದಿ ಕಳಿಸ್ತಾ ಇತ್ತು. ಮೂರು ಸಲ ದುಡ್ಡು ಹೋಯ್ತು. ಮೆಸೇಜುಗಳು ಚಿಕ್ಕಪ್ಪನ ಕಣ್ಣಿಗೆ ಬೀಳಲೇ ಇಲ್ಲ.

ವಿಷಯ ಗೊತ್ತಾದಾಗ ನಮ್ಮ ಮನೇಲಿ ಎಲ್ರೂ ಹೇಳಿದ್ದು ಒಂದೇ ಮಾತು: ‘ಯಾಕೆ ಒತ್ತೋಕೆ ಹೋದ್ರಿ?’ ನಾನೂ ಅದನ್ನೇ ಅಂದೆ, ಸ್ವಲ್ಪ ಜೋರಾಗೇ ಅಂದೆ. ಆಮೇಲೆ ಅವರ ಫೋನ್ ಕೈಗೆ ತಗೊಂಡು ಸೆಟ್ಟಿಂಗ್ಸ್ ನೋಡ್ತಾ ಹೋದಾಗ ಬಾಯಿ ಮುಚ್ಚಿಹೋಯ್ತು.

ಆಂಡ್ರಾಯ್ಡ್ ಫೋನು ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಬಂದ ಆ್ಯಪ್‌ಗಳನ್ನ ಸುಮ್ಮಸುಮ್ಮನೆ ಒಳಗೆ ಬಿಡಲ್ಲ. ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಒತ್ತಿದರೆ ಮೊದಲ ಸಲ ತಡೆದು ನಿಲ್ಲಿಸುತ್ತೆ, ಸೆಟ್ಟಿಂಗ್ಸಿಗೆ ಹೋಗಿ ಅನುಮತಿ ಕೊಟ್ಟರೆ ಮಾತ್ರ ಮುಂದಕ್ಕೆ. ಚಿಕ್ಕಪ್ಪನಿಗೆ ಅಲ್ಲಿ ತನಕ ಹೋಗೋಕೆ ಬರಲ್ಲ. ಬಂದಿದ್ರೆ ಅಷ್ಟರೊಳಗೆ ಬೇಜಾರಾಗಿ ಫೋನ್ ಮಡಚಿ ಮಲಗಿರ್ತಿದ್ರು. ಆದರೆ ಅವರ ಫೋನಲ್ಲಿ ವಾಟ್ಸಾಪ್‌ಗೆ ಆ ಅನುಮತಿ ಮೊದಲೇ ಕೊಟ್ಟಾಗಿತ್ತು. ಕೊಟ್ಟವನು ನಾನು. ಅದಕ್ಕೂ ಮುಂಚೆ ಒಂದು ಕ್ರಿಕೆಟ್ ಸರಣಿ ನಡೀತಿದ್ದಾಗ ದುಡ್ಡು ಕಟ್ಟದೆ ಮ್ಯಾಚ್ ನೋಡೋ ಒಂದು ಆ್ಯಪ್ ಸ್ನೇಹಿತ ಕಳಿಸಿದ್ದ. ನನ್ನ ಫೋನಲ್ಲಿ ಜಾಗ ಇರಲಿಲ್ಲ, ಅವರ ಫೋನಿಗೆ ಹಾಕಿ ಇಬ್ರೂ ಜಗಲಿ ಮೇಲೆ ಕೂತು ನೋಡಿದ್ವಿ. ಮ್ಯಾಚ್ ಮುಗೀತು, ಆ್ಯಪ್ ತೆಗೆದೆ. ಅನುಮತಿ ಹಾಗೇ ಉಳೀತು.

ಅದಕ್ಕೇ ಈ ವಾರ ಇದನ್ನ ನಿಮಗೆ, ಅಂದ್ರೆ ಮನೇಲಿ ಎಲ್ಲರ ಫೋನಿಗೂ ನಾವೇ ಮೆಕ್ಯಾನಿಕ್ಕು ಅಂದ್ಕೊಂಡಿರೋ ನಮ್ಮಂಥ ಹುಡುಗರಿಗೆ ಬರೀತಾ ಇದೀನಿ. ‘ಎಚ್ಚರ, ಲಿಂಕ್ ಒತ್ತಬೇಡಿ’ ಅಂತ ಹಿರಿಯರಿಗೆ ಹೇಳೋದರಲ್ಲಿ ನನಗೆ ಈಗ ನಂಬಿಕೆ ಇಲ್ಲ. ಇಡೀ ದಿನ ತೋಟದಲ್ಲಿ ದುಡಿದು ಬಂದು, ರಾತ್ರಿ ಅರೆನಿದ್ದೆಯಲ್ಲಿ, ಗೊತ್ತಿರೋ ಹುಡುಗನ ಹೆಸರಲ್ಲಿ, ಸರ್ಕಾರದ ಚಿಹ್ನೆ ಹಾಕಿ ಬಂದಿದ್ದನ್ನ ಯಾರು ಬೇಕಾದ್ರೂ ಒಂದಲ್ಲ ಒಂದು ದಿನ ಒತ್ತೇ ಒತ್ತುತ್ತಾರೆ. ಒತ್ತಿದರೂ ಏನೂ ಆಗದ ಹಾಗೆ ಫೋನು ಮತ್ತು ದುಡ್ಡು ಎರಡನ್ನೂ ಮೊದಲೇ ಜೋಡಿಸಿಡೋದು ನಮ್ಮ ಕೆಲಸ. ಬೇಲಿ ಹಾಕದೆ ದನಕ್ಕೆ ಬುದ್ಧಿ ಹೇಳಿದ ಹಾಗಾಯ್ತು ಇಷ್ಟು ದಿನ ನಾವು ಮಾಡಿದ್ದು.

ಮೊದಲು ಫೋನಿನ ಕಡೆ ನೋಡೋಣ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್‌ಗೆ ಹೋಗಿ, ‘ಸ್ಪೆಷಲ್ ಆ್ಯಪ್ ಆ್ಯಕ್ಸೆಸ್’ ಒಳಗೆ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಅಂತ ಇರುತ್ತೆ. ಕಂಪನಿಯಿಂದ ಕಂಪನಿಗೆ ಹೆಸರು, ಜಾಗ ಚೂರು ಬೇರೆ ಇರಬಹುದು, ಸೆಟ್ಟಿಂಗ್ಸಿನ ಹುಡುಕು ಪಟ್ಟಿಯಲ್ಲಿ ‘ಅನ್‌ನೋನ್’ ಅಂತ ಬರೆದರೆ ಸಿಗುತ್ತೆ. ಅಲ್ಲಿ ವಾಟ್ಸಾಪ್, ಕ್ರೋಮ್, ಟೆಲಿಗ್ರಾಂ, ಫೈಲ್ ಮ್ಯಾನೇಜರ್ ಎಲ್ಲದಕ್ಕೂ ಅನುಮತಿ ಇಲ್ಲ ಅಂತ ಇರಬೇಕು. ಆಮೇಲೆ ಪ್ಲೇ ಸ್ಟೋರ್ ತೆಗೆದು, ಮೇಲ್ಗಡೆ ನಮ್ಮ ಫೋಟೋ ಒತ್ತಿ, ಪ್ಲೇ ಪ್ರೊಟೆಕ್ಟ್ ಆನ್ ಇದೆಯಾ ನೋಡಿ, ಒಂದು ಸಲ ಸ್ಕ್ಯಾನ್ ಮಾಡಿ. ಎಸ್ಸೆಮ್ಮೆಸ್ ಓದೋ ಅನುಮತಿ ಯಾವ್ಯಾವ ಆ್ಯಪ್‌ಗೆ ಇದೆ ಅಂತಾನೂ ನೋಡಿ. ಟಾರ್ಚ್ ಆ್ಯಪ್‌ಗೆ, ಆಟದ ಆ್ಯಪ್‌ಗೆ ನಿಮ್ಮ ಮೆಸೇಜ್ ಯಾಕೆ? ವಾಟ್ಸಾಪ್‌ನ ‘ಟೂ ಸ್ಟೆಪ್ ವೆರಿಫಿಕೇಶನ್’ನಲ್ಲಿ ಆರಂಕಿಯ ಪಿನ್ ಹಾಕಿ. ಇಷ್ಟಕ್ಕೆ ಒಂದು ಫೋನಿಗೆ ಹತ್ತು ನಿಮಿಷ ಸಾಕು, ಮನೇಲಿ ಐದು ಫೋನ್ ಇದ್ರೆ ಒಂದು ಗಂಟೆ.

ಪಿಎಂ ಕಿಸಾನ್‌ದು ನಿಜವಾದ ಆ್ಯಪ್ ಇದೆ, ಪ್ಲೇ ಸ್ಟೋರ್‌ನಲ್ಲೇ ಸಿಗುತ್ತೆ, ಮುಖ ತೋರಿಸಿ ಇ-ಕೆವೈಸಿ ಮುಗಿಸಬಹುದು. ವರ್ಷಕ್ಕೆ 6,000, ಮೂರು ಕಂತಲ್ಲಿ 2,000ದ ಹಾಗೆ ಖಾತೆಗೆ ತಾನಾಗೇ ಬರೋ ದುಡ್ಡದು. ಅದಕ್ಕೆ ಎಟಿಎಂ ಕಾರ್ಡಿನ ನಂಬರು ಬೇಕಾಗಿಲ್ಲ, ಒಂದು ರೂಪಾಯಿನೂ ಕಟ್ಟಬೇಕಾಗಿಲ್ಲ. ದುಡ್ಡು ಬರೋಕೆ ಯುಪಿಐ ಪಿನ್ ಒತ್ತೋದು ಅನ್ನೋದೇ ಇಲ್ಲ, ಪಿನ್ ಒತ್ತಿದರೆ ದುಡ್ಡು ಹೋಗೋದೇ.

ಈಗ ದುಡ್ಡಿನ ಕಡೆ ಬರೋಣ. ನನ್ನ ಪ್ರಕಾರ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಇಲ್ಲೇ. ನಮ್ಮ ಹಳ್ಳಿ ಕಡೆ ಒಬ್ಬನಿಗೆ ಒಂದೇ ಖಾತೆ. ಬೆಳೆ ಸಾಲ ಬರೋದೂ ಅದಕ್ಕೆ, ಕೊಬ್ಬರಿ ದುಡ್ಡು, ಹಾಲಿನ ಬಟವಾಡೆ, ಬೆಳೆ ಪರಿಹಾರ ಎಲ್ಲಾ ಅದಕ್ಕೇ. ಅದೇ ಖಾತೆಗೆ ಯುಪಿಐ ಹಾಕ್ಕೊಂಡು ಟೀ ಅಂಗಡೀಲಿ ಹತ್ತು ರೂಪಾಯಿ ಸ್ಕ್ಯಾನ್ ಮಾಡ್ತೀವಿ. ಸಂತೆಗೆ ಹೋಗುವಾಗ ಬೀರುವನ್ನೇ ಹೊತ್ಕೊಂಡು ಹೋದ ಹಾಗೆ.

ಚಿಕ್ಕಪ್ಪನಿಗೆ ನಾವು ಈಗ ಮಾಡಿರೋದು ಹೀಗೆ. ಹಳೇ ಖಾತೆ ಹಾಗೇ ಇದೆ. ಆಧಾರ್ ಜೋಡಣೆ ಆಗಿರೋದು ಅದಕ್ಕೇ, ಸರ್ಕಾರದ ದುಡ್ಡು ಅಲ್ಲಿಗೇ ಬರುತ್ತೆ, ಅದನ್ನ ಮುಟ್ಟೋಕೆ ಹೋಗಲಿಲ್ಲ. ನೀವೂ ಮುಟ್ಟಬೇಡಿ, ಹೊಸ ಖಾತೆ ತೆರೆಯುವಾಗ ‘ಸಬ್ಸಿಡಿ ಇದಕ್ಕೆ ಬರಲಾ’ ಅಂತ ಕೇಳಿದರೆ ಬೇಡ ಅನ್ನಿ. ಆ ಖಾತೆಯ ಯುಪಿಐ ತೆಗೆಸಿದ್ವಿ. ಅದರ ಸಿಮ್ಮನ್ನ ಸ್ಮಾರ್ಟ್‌ಫೋನಿಂದ ಎತ್ತಿ ಒಂದು ಕೀಪ್ಯಾಡ್ ಫೋನಿಗೆ ಹಾಕಿದ್ವಿ. ಓಟಿಪಿ ಈಗ ಅಲ್ಲಿಗೆ ಬರುತ್ತೆ, ಅಲ್ಲಿ ಕದ್ದು ಓದೋ ಆ್ಯಪ್ ಕೂರೋಕೆ ಜಾಗವೇ ಇಲ್ಲ. ಇನ್ನೊಂದು ಸಿಮ್ಮಿಗೆ ಪೋಸ್ಟ್‌ಮನ್ ಮನೆಗೇ ಬಂದು ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ಮಾಡಿಕೊಟ್ರು. ಸ್ಮಾರ್ಟ್‌ಫೋನಲ್ಲಿ ಇರೋ ಯುಪಿಐ ಆ ಖಾತೆದು, ಅದರಲ್ಲಿ ಮೂರು ನಾಲ್ಕು ಸಾವಿರಕ್ಕಿಂತ ಜಾಸ್ತಿ ಇಡಲ್ಲ. ಮುಗಿದರೆ ಬ್ಯಾಂಕಿಗೆ ಹೋಗಿ ಅಥವಾ ಎಟಿಎಂನಲ್ಲಿ ತೆಗೆದು ಮತ್ತೆ ಹಾಕ್ತಾರೆ. ಚೂರು ಕಿರಿಕಿರಿ, ನಿಜ. ಆ ಕಿರಿಕಿರಿ ನಮಗಾದ ಹಾಗೆ ಕಳ್ಳನಿಗೂ ಆಗುತ್ತಲ್ಲ.

ಇನ್ನೊಂದು, ಎಟಿಎಂ ಕಾರ್ಡ್. ಕಾರ್ಡಿನ ಆನ್‌ಲೈನ್ ಬಳಕೆ ಆನ್-ಆಫ್ ಮಾಡೋ, ಮಿತಿ ಹಾಕೋ ಅವಕಾಶ ಗ್ರಾಹಕರಿಗೆ ಕೊಡಲೇಬೇಕು ಅನ್ನೋ ರಿಸರ್ವ್ ಬ್ಯಾಂಕ್ ನಿಯಮ 2020ರ ಅಕ್ಟೋಬರ್‌ನಿಂದಲೇ ಇದೆ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ಅನ್ನೋ ಕಡೆ ನೋಡಿ, ಆ್ಯಪ್ ಇಲ್ಲದಿದ್ರೆ ಶಾಖೆಯಲ್ಲಿ ಕೇಳಿ. ಚಿಕ್ಕಪ್ಪ ಜೀವಮಾನದಲ್ಲಿ ಆನ್‌ಲೈನ್‌ನಲ್ಲಿ ಕಾರ್ಡ್ ಬಳಸಿದವರಲ್ಲ. ಆ ಒಂದು ಗುಂಡಿ ಆಫ್ ಇದ್ದಿದ್ರೆ ನಂಬರು, ಓಟಿಪಿ ಎರಡೂ ಸಿಕ್ಕಿದ್ರೂ ಅವತ್ತು ಒಂದು ರೂಪಾಯಿನೂ ಹೋಗ್ತಿರಲಿಲ್ಲ. ಇದು ನೆನಪಾದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತೆ.

‘ಇಷ್ಟೆಲ್ಲಾ ರಗಳೆ ಯಾಕೆ, ಸ್ಮಾರ್ಟ್‌ಫೋನೇ ಬೇಡ ಅಂದ್ರಾಯ್ತು’ ಅನ್ನೋರೂ ಇದಾರೆ. ನಮ್ಮ ತಾತ ಅವರ ಪೈಕಿ. ನಾನು ಒಪ್ಪಲ್ಲ. ಮಾರುಕಟ್ಟೆ ಧಾರಣೆ, ಪಹಣಿ, ಮಳೆ ಮುನ್ಸೂಚನೆ ಎಲ್ಲಾ ಅದರಲ್ಲೇ ನೋಡ್ತಾ ಇದೀವಿ, ಬಿಟ್ರೆ ಮತ್ತೆ ಮಧ್ಯವರ್ತಿ ಹೇಳಿದ್ದೇ ರೇಟು. ಫೋನಿರಲಿ, ಅದರ ಕೈಗೆ ಬೀರುವಿನ ಬೀಗದ ಕೈ ಕೊಡೋದು ಬೇಡ.

ಅಕಸ್ಮಾತ್ ಆಗೇ ಹೋಯ್ತು ಅನ್ನಿ. ನಾವು ಅವತ್ತು ಮಾಡಿದ ದೊಡ್ಡ ತಪ್ಪು, ಬೆಳಿಗ್ಗೆ ಎಂಟಕ್ಕೇ ಗೊತ್ತಾದ್ರೂ ಬ್ಯಾಂಕ್ ಬಾಗಿಲು ತೆಗೆಯೋ ತನಕ ಕಾದಿದ್ದು. ಬ್ಯಾಂಕಲ್ಲಿ ‘ಅರ್ಜಿ ಬರ್ಕೊಡಿ’ ಅಂದ್ರು, ಬರೆದ್ವಿ. 1930ಕ್ಕೆ ಫೋನ್ ಮಾಡಿದಾಗ ಮಧ್ಯಾಹ್ನ ಒಂದೂವರೆ. ದುಡ್ಡು ಅಷ್ಟರಲ್ಲಿ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರಿತ್ತು. 22,000 ಮಾತ್ರ ಯಾವುದೋ ಖಾತೆಯಲ್ಲಿ ತಡೆಹಿಡಿದ್ರು. ಅದು ಬಿಡುಗಡೆ ಆಗೋಕೆ ಕೋರ್ಟ್ ಆದೇಶ ಬೇಕು ಅಂದಿದಾರೆ, ಇನ್ನೂ ಓಡಾಡ್ತಾ ಇದೀವಿ. 1930ಕ್ಕೆ ದುಡ್ಡು ಇನ್ನೂ ಬ್ಯಾಂಕ್ ವ್ಯವಸ್ಥೆಯೊಳಗೆ ಇರುವಾಗಲೇ ಮುಟ್ಟಬೇಕು. ನಿಮಿಷ ಲೆಕ್ಕ ಅಲ್ಲಿ.

ಹಾಗಾಗಿ ಕ್ರಮ ಇಷ್ಟೇ. ಕೆಟ್ಟ ಫೋನನ್ನ ತಕ್ಷಣ ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈನೂ ಆಫ್. ಬೇರೆ ಫೋನಿಂದ 1930ಕ್ಕೆ ಕರೆ, ಲೈನ್ ಸಿಗದಿದ್ರೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಜಾಲತಾಣದಲ್ಲಿ ದೂರು. ಆಗಲೇ ಬ್ಯಾಂಕಿನ ಸಹಾಯವಾಣಿಗೂ ಹೇಳಿ ಕಾರ್ಡು, ಯುಪಿಐ ಎರಡೂ ಬಂದ್ ಮಾಡ್ಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಇದು ಕಾನೂನಿನ ಲೆಕ್ಕಕ್ಕೂ ಬೇಕು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ನಾವೇ ಗುಟ್ಟಿನ ಅಂಕಿ ಕೊಟ್ಟು ಹೋದ ದುಡ್ಡಾದ್ರೆ ಬ್ಯಾಂಕಿಗೆ ತಿಳಿಸೋವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲೆ ಆಗಿದ್ದು ಬ್ಯಾಂಕಿಂದು. ನಮ್ಮ ತಪ್ಪೂ ಇಲ್ಲ, ಬ್ಯಾಂಕಿನ ತಪ್ಪೂ ಇಲ್ಲ, ಬೇರೆಲ್ಲೋ ಸೋರಿಕೆ ಆಗಿದೆ ಅಂದ್ರೆ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಮಗೆ ನಷ್ಟ ಇಲ್ಲ. ಫೋನನ್ನ ಕೊನೆಗೆ ಫ್ಯಾಕ್ಟರಿ ರೀಸೆಟ್ ಮಾಡೋದೇ ವಾಸಿ. ಆ ಆ್ಯಪ್‌ನ ಗುರುತು ಪರದೆಯಿಂದ ಮಾಯವಾಗಿರುತ್ತೆ, ತೆಗೆದೆ ಅಂದ್ಕೊಂಡರೂ ಉಳಿದಿರುತ್ತೆ. ದೂರಿಗೆ ಬೇಕಾದ ಸ್ಕ್ರೀನ್‌ಶಾಟು, ಮೆಸೇಜುಗಳನ್ನ ಮೊದಲು ಬೇರೆ ಫೋನಲ್ಲಿ ಫೋಟೋ ತೆಗೆದಿಟ್ಕೊಳ್ಳಿ.

ಗ್ರೂಪ್ ಅಡ್ಮಿನ್‌ಗಳಿಗೂ ಒಂದು ಮಾತು. ನಮ್ಮ ಸಂಘದ, ಡೇರಿಯ, ಜಾತ್ರೆ ಕಮಿಟಿಯ ಗ್ರೂಪುಗಳಿಗೆ ಅಡ್ಮಿನ್ ಇರೋದು ಹೆಚ್ಚಾಗಿ ನಮ್ಮ ವಯಸ್ಸಿನವರೇ. ಬೇರೆಯವರು ಹಾಕಿದ ಮೆಸೇಜನ್ನೂ ಎಲ್ಲರಿಗೂ ಅಳಿಸಿಹೋಗೋ ಹಾಗೆ ಅಡ್ಮಿನ್ ಅಳಿಸಬಹುದು. ಅವತ್ತು ನಮ್ಮ ಗ್ರೂಪಿಗೆ ಮೂರು ಜನ ಅಡ್ಮಿನ್ ಇದ್ವಿ. ಫೈಲು ಬಂದಿದ್ದು ಒಂಬತ್ತೂಕಾಲಿಗೆ, ಚಿಕ್ಕಪ್ಪ ಒತ್ತಿದ್ದು ಹತ್ತೂವರೆಗೆ. ನಾನು ಒಂಬತ್ತೂವರೆಗೇ ಅದನ್ನ ನೋಡಿ, ಏನೋ ಕಸ ಅಂತ ಮುಂದಕ್ಕೆ ಸರಿಸಿದ್ದೆ. ಇದನ್ನ ಚಿಕ್ಕಪ್ಪನಿಗೆ ಇವತ್ತಿನವರೆಗೂ ಹೇಳಿಲ್ಲ. ಅವರು ಈ ಜಾಲತಾಣ ಓದಲ್ಲ, ಆದರೂ ಬರೆದ ಮೇಲೆ ನಾನೇ ಓದಿ ಹೇಳ್ಬೇಕು ಅಂತ ಇದೀನಿ.

ಮೊನ್ನೆ ಸಂಜೆ ಫೋನ್ ಹಿಡ್ಕೊಂಡು ನಮ್ಮನೆಗೆ ಬಂದ್ರು. ‘ನೋಡಪ್ಪ, ಆರ್‌ಟಿಓ ಇಂದ ದಂಡ ಕಟ್ಟು ಅಂತ ಏನೋ ಫೈಲ್ ಬಂದೈತೆ, ಇದೂ ಅದೇನಾ?’ ಅಂದ್ರು. ಅದೂ ಎಪಿಕೆನೇ. ಒತ್ತಿರಲಿಲ್ಲ. ‘ಒತ್ತೋಣ ಅಂತಲೇ ಇದ್ದೆ, ಆಮೇಲೆ ಹೊಳೀತು ಕಣೋ, ನನ್ನತ್ರ ಇರೋದು ಎತ್ತಿನ ಗಾಡಿ ಒಂದೇ’ ಅಂದ್ರು.