ಅಗ್ಗದ ಟ್ಯಾಬ್ಲೆಟ್: ಬೆಲೆ ನೋಡಬೇಕೋ, ಬಾಳಿಕೆ ನೋಡಬೇಕೋ?

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ.ಯ ಒಂದು ಬಾಕ್ಸ್ ಟೊಮೆಟೊ 2,000 ರೂಪಾಯಿ ದಾಟಿತ್ತು. ಅದೇ ಮಾರುಕಟ್ಟೆಯಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ಸುರಿದು ಹೋದ ದಿನಗಳೂ ಇವೆ. ಶ್ರೀನಿವಾಸಪುರದ ಮಾವಿಗೆ ವರ್ಷಕ್ಕೊಂದೇ ಹಂಗಾಮು. ತಪ್ಪದೆ ಕೈಸೇರುವುದೆಂದರೆ ಡೇರಿಯ ಬಟವಾಡೆ, ಇಲ್ಲವೇ ನರಸಾಪುರ, ಮಾಲೂರಿನ ಕಾರ್ಖಾನೆಗಳ ಸಂಬಳ. ಹೀಗೆ ಒಮ್ಮೆ ಉಕ್ಕಿ ಒಮ್ಮೆ ಬತ್ತುವ ವರಮಾನದ ಮನೆಗೆ ಹತ್ತು ಹನ್ನೆರಡು ಸಾವಿರದ ಸಣ್ಣ ಟ್ಯಾಬ್ಲೆಟ್ ಕೂಡ ಯೋಚಿಸಿ ಕೊಳ್ಳಬೇಕಾದ ವಸ್ತು. ಕೊಂಡದ್ದು ಎರಡೇ ವರ್ಷಕ್ಕೆ ಮೂಲೆ ಸೇರಿದರೆ, ಇನ್ನೊಂದನ್ನು ಕೊಳ್ಳುವಂಥ ಹಂಗಾಮು ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ.

ಆದ್ದರಿಂದ ಈ ಜಿಲ್ಲೆಯ ಮಟ್ಟಿಗೆ ಅಗ್ಗ ಎಂಬುದನ್ನು ಬಿಲ್ಲಿನ ಮೊತ್ತದಿಂದ ಅಳೆಯದೆ ವರ್ಷಗಳಿಂದ ಅಳೆಯಬೇಕು. ಆರು ಸಾವಿರದ್ದು ಎರಡು ವರ್ಷ ಬಂದರೆ ವರ್ಷಕ್ಕೆ ಮೂರು ಸಾವಿರ ಬಿತ್ತು. ಹನ್ನೆರಡು ಸಾವಿರದ್ದು ಐದು ವರ್ಷ ಬಂದರೆ ವರ್ಷಕ್ಕೆ 2,400. ಲೆಕ್ಕ ಇಷ್ಟು ಸರಳವಾಗಿದ್ದರೂ ಅಂಗಡಿಯಲ್ಲಿ ನಿಂತಾಗ ಕಣ್ಣು ಮೊದಲು ಹೋಗುವುದು ಆರು ಸಾವಿರದ ಚೀಟಿಯ ಕಡೆಗೇ.

ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಎಲ್ಲರ ಕೈಯಲ್ಲೂ ಫೋನ್ ಇರುವಾಗ ಟ್ಯಾಬ್ಲೆಟ್ ಯಾಕೆ? ಫೋನಿನ ಪರದೆ 6.7 ಇಂಚಿಗೆ ಬೆಳೆದಿದೆಯಲ್ಲ, 8.7 ಇಂಚಿನ ಟ್ಯಾಬ್ಲೆಟ್‌ಗೂ ಅದಕ್ಕೂ ಎರಡೇ ಇಂಚಿನ ವ್ಯತ್ಯಾಸ ಅನಿಸುವುದು ಸಹಜ. ಆದರೆ ಇಂಚಿನ ಲೆಕ್ಕ ಮೂಲೆಯಿಂದ ಮೂಲೆಗೆ ಅಳೆದದ್ದು, ಮತ್ತು ಫೋನುಗಳು ಬೆಳೆದಿರುವುದು ಹೆಚ್ಚಾಗಿ ಉದ್ದಕ್ಕೆ. ಮಾಮೂಲಿ ವಿಡಿಯೊವನ್ನು ಅಡ್ಡ ಹಿಡಿದು ನೋಡಿದರೆ ಅಂಥ ಫೋನಿನಲ್ಲಿ ಎರಡೂ ಬದಿ ಕಪ್ಪು ಪಟ್ಟಿ ಉಳಿದು ಚಿತ್ರಕ್ಕೆ ಸಿಗುವುದು ಸುಮಾರು 13 ಚದರ ಇಂಚು. 8.7 ಇಂಚಿನ ಟ್ಯಾಬ್ಲೆಟ್‌ನಲ್ಲಿ ಅದೇ ಚಿತ್ರಕ್ಕೆ 31 ಚದರ ಇಂಚು ಸಿಗುತ್ತದೆ, ಅಂದರೆ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು. ಗಣಿತದ ಪಾಠದಲ್ಲಿ ಕಪ್ಪುಹಲಗೆಯ ಮೇಲಿನ ಘಾತಾಂಕ ಕಾಣುವುದಕ್ಕೂ ಕಾಣದಿರುವುದಕ್ಕೂ ಇರುವ ಅಂತರ ಇದು. ನಲವತ್ತೈದು ದಾಟಿ ಚಾಳೀಸು ಬಂದವರಿಗಂತೂ ಇದನ್ನು ವಿವರಿಸಿ ಹೇಳಬೇಕಿಲ್ಲ.

ಓದುವವರಿಗೆ ಇನ್ನೊಂದು ಲಾಭವೂ ಇದೆ. 8.7 ಇಂಚಿನ ಪರದೆಯನ್ನು ನೆಟ್ಟಗೆ ಹಿಡಿದರೆ ಅಗಲ ಸುಮಾರು ನಾಲ್ಕೂವರೆ ಇಂಚು, ಎತ್ತರ ಏಳೂವರೆ. ನಮ್ಮ ಹಳೆಯ ಕನ್ನಡ ಪುಸ್ತಕಗಳು ಅಚ್ಚಾಗುತ್ತಿದ್ದ ಕ್ರೌನ್ 1/8 ಆಕಾರದ ಪುಟ ಹೆಚ್ಚುಕಡಿಮೆ ಇಷ್ಟೇ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ಅವರ ಕಾಲದ, ಮಾಲೂರು ತಾಲ್ಲೂಕಿನ ಮಾಸ್ತಿಯವರ ಕಾಲದ ಎಷ್ಟೋ ಪುಸ್ತಕಗಳು ಇವತ್ತು ಸ್ಕ್ಯಾನ್ ಮಾಡಿದ ಪುಟಗಳ ರೂಪದಲ್ಲಿ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಇವು ಚಿತ್ರಗಳಾದ್ದರಿಂದ ಫೋನಿನಲ್ಲಿ ಅಕ್ಷರವನ್ನಷ್ಟೇ ದೊಡ್ಡದು ಮಾಡಿಕೊಳ್ಳಲು ಬರುವುದಿಲ್ಲ. ಇಡೀ ಪುಟವನ್ನು ಹಿಗ್ಗಿಸಿ, ಸಾಲು ಸಾಲಿಗೂ ಎಡಕ್ಕೆ ಬಲಕ್ಕೆ ಎಳೆಯುತ್ತಾ ಓದಬೇಕು. ಹತ್ತು ಪುಟದ ಹೊತ್ತಿಗೆ ಕೈ ಸೋತುಹೋಗುತ್ತದೆ. ಸಣ್ಣ ಟ್ಯಾಬ್ಲೆಟ್‌ನಲ್ಲಿ ಪುಟ ಇದ್ದ ಹಾಗೇ ಕೂರುತ್ತದೆ.

ಇನ್ನೊಂದು ಕಾರಣ, ಮನೆಯೊಳಗಿನದು. ಯುಪಿಐ ಬಂದ ಮೇಲೆ ಫೋನ್ ಎಂದರೆ ಮನೆಯ ಗಲ್ಲಾಪೆಟ್ಟಿಗೆ. ಬ್ಯಾಂಕಿಗೆ ಕೊಟ್ಟ ಸಿಮ್ ಅದರಲ್ಲಿರುತ್ತದೆ, ಒಟಿಪಿ ಅದಕ್ಕೇ ಬರುತ್ತದೆ. ಅದನ್ನು ಮಗುವಿನ ಕೈಗೆ ಕೊಟ್ಟು ತೋಟಕ್ಕೆ ಹೋಗಲು ಯಾವ ಅಪ್ಪನಿಗೂ ಧೈರ್ಯ ಬರುವುದಿಲ್ಲ, ಕೊಡದಿದ್ದರೆ ಪಾಠ ನಿಲ್ಲುತ್ತದೆ. ಈ ಇಕ್ಕಟ್ಟು 2020ರಲ್ಲಿ ಇಡೀ ರಾಜ್ಯದ ಅನುಭವಕ್ಕೆ ಬಂತು. ಆ ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮ ಕಾರ್ಯಕ್ರಮ ಮಕ್ಕಳನ್ನು ಗುಂಪು ಮಾಡಿದ್ದೇ ಮನೆಯಲ್ಲಿ ಫೋನ್ ಇದೆಯೋ ಇಲ್ಲವೋ, ಇದ್ದರೆ ಎಂಥದ್ದು ಎಂಬುದರ ಮೇಲೆ. ಚಂದನ ವಾಹಿನಿಯ ಪಾಠಗಳು ಒಂದಿಷ್ಟು ಆಸರೆಯಾದವು. ಆದರೆ ಟಿವಿಯ ಪಾಠವನ್ನು ತಡೆದು ನಿಲ್ಲಿಸಿ ಇನ್ನೊಮ್ಮೆ ಕೇಳುವಂತಿರಲಿಲ್ಲ. ಬ್ಯಾಂಕಿಗೆ ಕೊಟ್ಟ ಸಿಮ್ ಇಲ್ಲದ, ದುಡ್ಡಿನ ವ್ಯವಹಾರವಿಲ್ಲದ ಟ್ಯಾಬ್ಲೆಟ್ ಮನೆಯಲ್ಲಿದ್ದರೆ ಮಗಳಿಗೆ ಪಾಠ, ಅಜ್ಜಿಗೆ ಹರಿಕಥೆ ಅಥವಾ ತೆಲುಗು ಸಿನಿಮಾ, ಅಪ್ಪನಿಗೆ ಮಾರುಕಟ್ಟೆಯ ದರ, ಎಲ್ಲವೂ ಹಂಚಿಕೆಯಾಗುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮುಳಬಾಗಿಲು, ಶ್ರೀನಿವಾಸಪುರದ ಕುಟುಂಬಗಳಲ್ಲಿ ಒಂದೇ ಪರದೆ ಎರಡೂ ಭಾಷೆಗೆ ದುಡಿಯುತ್ತದೆ.

ಅಗ್ಗದ ಕಂಪ್ಯೂಟರನ್ನು ಎಲ್ಲರ ಕೈಗೆ ಮುಟ್ಟಿಸುವ ಕನಸು ಕರ್ನಾಟಕಕ್ಕೆ ಹೊಸದೇನೂ ಅಲ್ಲ. ಸ್ಮಾರ್ಟ್‌ಫೋನ್ ಎಂಬ ಮಾತೇ ಜನರ ಕಿವಿಗೆ ಬೀಳದ 2001ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ಸಿಂಪ್ಯೂಟರ್ ಎಂಬ ಅಂಗೈ ಯಂತ್ರವನ್ನು ತೋರಿಸಿದರು. ಒಂಬತ್ತು ಸಾವಿರ ರೂಪಾಯಿಗೆ ಕೊಡಬೇಕೆಂಬ ಗುರಿ, ಓದು ಬಾರದವರಿಗೂ ದಕ್ಕಲೆಂದು ಭಾರತೀಯ ಭಾಷೆಗಳ ಪಠ್ಯವನ್ನು ಉಲಿಯುವ ಶಕ್ತಿ, ಹಳ್ಳಿಯವರೆಲ್ಲ ಒಂದನ್ನೇ ಹಂಚಿಕೊಳ್ಳಲೆಂದು ತಲಾ ಒಂದು ಸ್ಮಾರ್ಟ್‌ಕಾರ್ಡ್. ಆಲೋಚನೆ ದೊಡ್ಡದಿತ್ತು. ಅದು ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದದ್ದು 2004ರಲ್ಲಿ. ಅಷ್ಟರಲ್ಲಿ ಮೊಬೈಲ್ ಫೋನ್ ಅಗ್ಗವಾಗತೊಡಗಿತ್ತು. ಕೆಲವು ಸಾವಿರ ಯಂತ್ರಗಳ ಆಚೆಗೆ ಅದು ಹೋಗಲಿಲ್ಲ.

ಆಮೇಲೆ ಆಕಾಶ್. 2011ರ ಅಕ್ಟೋಬರ್ 5ರಂದು ಕೇಂದ್ರ ಸಚಿವ ಕಪಿಲ್ ಸಿಬಲ್ ಬಿಡುಗಡೆ ಮಾಡಿದ ಈ ಏಳು ಇಂಚಿನ ಟ್ಯಾಬ್ಲೆಟ್‌ಗೆ ಸರ್ಕಾರ ಕೊಟ್ಟದ್ದು ಸುಮಾರು 2,250 ರೂಪಾಯಿ. ಜಗತ್ತಿನ ಅತಿ ಅಗ್ಗದ ಟ್ಯಾಬ್ಲೆಟ್ ಎಂದು ದೇಶವಿದೇಶದ ಪತ್ರಿಕೆಗಳು ಬರೆದವು. ಒಳಗಿದ್ದದ್ದು 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್, ಮತ್ತು ಬೆರಳನ್ನು ಒತ್ತಿ ಹಿಡಿದರಷ್ಟೇ ಸ್ಪಂದಿಸುವ ಹಳೆಯ ಬಗೆಯ ಪರದೆ. ವಿಡಿಯೊ ತಡವರಿಸುತ್ತಿತ್ತು, ಚಾರ್ಜ್ ಮೂರು ಗಂಟೆಯ ಆಚೆ ನಿಲ್ಲುತ್ತಿರಲಿಲ್ಲ. ಮರುವರ್ಷವೇ ಆಕಾಶ್ 2 ತರಬೇಕಾಯಿತು. ಮೊದಲು ಬೆಲೆಯನ್ನು ಗೊತ್ತುಮಾಡಿ ಆಮೇಲೆ ಅದರೊಳಗೆ ಯಂತ್ರವನ್ನು ತುರುಕಲು ಹೊರಟದ್ದೇ ಅದರ ಮೂಲ ದೋಷ. ವಿದ್ಯಾರ್ಥಿ ಅದರಲ್ಲಿ ದಿನಾ ಏನು ಮಾಡಬೇಕು ಎಂಬಲ್ಲಿಂದ ಲೆಕ್ಕ ಹಾಕಿದ್ದರೆ ಇನ್ನೆರಡು ಸಾವಿರ ಹೆಚ್ಚು ತಗುಲುತ್ತಿತ್ತು, ಕೊಟ್ಟ ಹಣ ವ್ಯರ್ಥವಾಗುತ್ತಿರಲಿಲ್ಲ.

2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಪಾಲಿಟೆಕ್ನಿಕ್ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಲು ತೊಡಗಿದಾಗ ಕಾಲ ಬದಲಾಗಿತ್ತು. ಯಂತ್ರಗಳೂ ಉತ್ತಮವಾಗಿದ್ದವು. ಈಗ ಪ್ರತಿ ಮನೆಯ ಮುಂದಿರುವ ಪ್ರಶ್ನೆ ಇದು: ಕೊಳ್ಳುವ ದಿನದ ನಂತರ ಎಷ್ಟು ಕಾಲ ಇದು ಕೆಲಸಕ್ಕೆ ಬರುತ್ತದೆ?

ಟ್ಯಾಬ್ಲೆಟ್ ಬಹುತೇಕ ಸಾಯುವುದು ಒಡೆದು ಅಲ್ಲ, ಹಳತಾಗಿ. 2025ರ ಆಗಸ್ಟ್‌ನಿಂದ ಕ್ರೋಮ್ ಬ್ರೌಸರಿನ ಹೊಸ ಆವೃತ್ತಿಗಳು ಆಂಡ್ರಾಯ್ಡ್ 8 ಮತ್ತು 9ರಲ್ಲಿ ಬರುವುದು ನಿಂತಿತು. ಅದಕ್ಕೂ ಮೊದಲೇ ವಾಟ್ಸ್‌ಆ್ಯಪ್‌ಗೆ ಕನಿಷ್ಠ ಆಂಡ್ರಾಯ್ಡ್ 5 ಬೇಕಾಯಿತು. ಗಾಜು ಗೀಚಿಲ್ಲ, ಬ್ಯಾಟರಿ ಸೋತಿಲ್ಲ, ಆದರೂ ಒಂದೊಂದೇ ಆ್ಯಪ್ ಕೈಬಿಡುತ್ತಾ ಹೋಗುತ್ತದೆ. ಹಾಗಾಗಿ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದಲ್ಲ. ಆಂಡ್ರಾಯ್ಡ್ ಎಷ್ಟನೆಯದು, ಕಂಪನಿ ಇನ್ನೆಷ್ಟು ವರ್ಷ ಅಪ್‌ಡೇಟ್ ಕೊಡುತ್ತದೆ ಎಂದು. ಆನ್‌ಲೈನ್ ಮಾರಾಟದಲ್ಲಿ ನಾಲ್ಕೈದು ವರ್ಷ ಹಳೆಯ ಮಾದರಿಗಳನ್ನು ಭಾರಿ ರಿಯಾಯಿತಿ ಎಂದು ತೋರಿಸುವುದುಂಟು. ಆ ರಿಯಾಯಿತಿಯಲ್ಲಿ ಕಳೆದುಹೋದ ವರ್ಷಗಳನ್ನೂ ಗಿರಾಕಿಯೇ ಕೊಳ್ಳುತ್ತಾನೆ.

ರ‍್ಯಾಮ್ ವಿಷಯಕ್ಕೆ ಬಂದರೆ, ಆಂಡ್ರಾಯ್ಡ್ 13ರಿಂದ ಗೋ ಎಂಬ ಹಗುರ ಆವೃತ್ತಿಗೇ ಗೂಗಲ್ ಕನಿಷ್ಠ 2 ಜಿಬಿ ಕಡ್ಡಾಯ ಮಾಡಿದೆ. ಹಗುರ ಆವೃತ್ತಿಗೇ ಅಷ್ಟು ಬೇಕೆಂದ ಮೇಲೆ ಐದು ವರ್ಷ ಬಾಳಬೇಕಾದ ಯಂತ್ರಕ್ಕೆ 4 ಜಿಬಿಗಿಂತ ಕಡಿಮೆ ಸಾಲದು, ಸಂಗ್ರಹ 64 ಜಿಬಿಗಿಂತ ಕಡಿಮೆ ಸಾಲದು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 8 ಜಿಬಿ ಎಂದಿದ್ದು, ಕೆಳಗೆ ಸಣ್ಣದಾಗಿ 4+4 ಎಂದು ಬರೆದಿದ್ದರೆ ಎರಡನೆಯ ನಾಲ್ಕು ನಿಜವಾದ ರ‍್ಯಾಮ್ ಅಲ್ಲ. ಸಂಗ್ರಹದ ಒಂದು ಭಾಗವನ್ನು ರ‍್ಯಾಮ್‌ನಂತೆ ಬಳಸುವ ಏರ್ಪಾಡು ಅದು, ವೇಗ ಬಹಳ ಕಡಿಮೆ. ಇಂಥ ಮುದ್ರಣ ಗಿರಾಕಿಯನ್ನು ದಾರಿ ತಪ್ಪಿಸುತ್ತದೆ; ತಡೆಯಬೇಕಾದವರು ಇದನ್ನು ತಡೆಯಬೇಕು.

ವಿಡಿಯೊಗೆಂದೇ ಕೊಳ್ಳುವವರು ಕೇಳಲೇಬೇಕಾದ, ಆದರೆ ಬಹುತೇಕ ಯಾರೂ ಕೇಳದ ಸಂಗತಿ ವೈಡ್‌ವೈನ್. ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೊದಂಥ ಸೇವೆಗಳು ಕಳ್ಳನಕಲು ತಡೆಯಲು ಬಳಸುವ ಬೀಗ ಇದು. ಸಾಧನಕ್ಕೆ ಇದರ ಎಲ್1 ದರ್ಜೆ ಇದ್ದರೆ ಎಚ್‌ಡಿ ಚಿತ್ರ ಬರುತ್ತದೆ. ಎಲ್3 ಮಾತ್ರ ಇದ್ದರೆ ಪರದೆ ಎಷ್ಟೇ ಒಳ್ಳೆಯದಿರಲಿ, ಚಂದಾ ಎಷ್ಟೇ ಕಟ್ಟಿರಲಿ, ಚಿತ್ರ 480ಪಿ ಮಟ್ಟದಲ್ಲೇ ನಿಲ್ಲುತ್ತದೆ. ಹೆಸರು ಕೇಳದ ಬ್ರಾಂಡುಗಳು ಉಳಿತಾಯ ಮಾಡುವುದು ಹೆಚ್ಚಾಗಿ ಇಂಥ ಕಣ್ಣಿಗೆ ಕಾಣದ ಕಡೆಯಲ್ಲೇ. ಡಿಆರ್‌ಎಂ ಇನ್ಫೊ ಎಂಬ ಉಚಿತ ಆ್ಯಪ್ ಹಾಕಿ ಅಂಗಡಿಯಲ್ಲೇ ಇದನ್ನು ನೋಡಬಹುದು. ಬರೀ ಯೂಟ್ಯೂಬ್ ನೋಡುವ ಮನೆಗೆ ಇದರ ಚಿಂತೆ ಬೇಡ.

ಸಿಮ್ ಹಾಕುವಂಥದ್ದು ಬೇಕೋ, ವೈಫೈ ಮಾತ್ರದ್ದು ಸಾಕೋ? ಕೋಲಾರ ಪಟ್ಟಣದಲ್ಲಿ ಬ್ರಾಡ್‌ಬ್ಯಾಂಡ್ ಇರುವ ಮನೆಗೆ ವೈಫೈ ಸಾಕು. ಹಳ್ಳಿಯಲ್ಲಿ ಫೋನಿನ ಹಾಟ್‌ಸ್ಪಾಟ್‌ನಿಂದಲೇ ಕೆಲಸ ನಡೆಯಬೇಕು, ಆದರೆ ಫೋನಿನೊಡೆಯ ಮನೆಯಿಂದ ಹೊರಗೆ ಹೋದೊಡನೆ ಟ್ಯಾಬ್ಲೆಟ್ ಮೂಕವಾಗುತ್ತದೆ. ಅಪ್ಪ ಬೆಳಗಿನ ಜಾವವೇ ಮಂಡಿಗೆ ಹೋಗುವ ಮನೆಯಲ್ಲಿ ಮಕ್ಕಳ ಓದಿಗಾಗಿ ಕೊಳ್ಳುವುದಾದರೆ ಒಂದೆರಡು ಸಾವಿರ ಹೆಚ್ಚು ಕೊಟ್ಟು ಸಿಮ್ ಇರುವುದನ್ನೇ ತರಬೇಕು. ಆ ಸಿಮ್ ಬ್ಯಾಂಕಿಗೆ ಕೊಟ್ಟ ನಂಬರಿನದ್ದಾಗದಿರಲಿ. 480ಪಿ ವಿಡಿಯೊ ಗಂಟೆಗೆ ಸುಮಾರು ಅರ್ಧ ಜಿಬಿ ನುಂಗುತ್ತದೆ. ದಿನಕ್ಕೆ ಒಂದೂವರೆ ಜಿಬಿ ಸಿಗುವ ಪ್ಲಾನಿನಲ್ಲಿ ಮೂರು ಗಂಟೆ. ಮಾಲೂರಿನಿಂದ ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು ಮನೆಯ ವೈಫೈನಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೊರಟರೆ ಸಿಮ್ಮಿನ ಹಂಗೇ ಇರುವುದಿಲ್ಲ.

ಎರಡು ಮೂರು ಸಾವಿರ ಸೇರಿಸಿದರೆ ಹತ್ತು ಹನ್ನೊಂದು ಇಂಚಿನದೇ ಬರುತ್ತದಲ್ಲ ಎಂಬ ವಾದ ತಳ್ಳಿಹಾಕುವಂಥದ್ದಲ್ಲ. ಎ4 ಅಳತೆಯ ಪ್ರಶ್ನೆಪತ್ರಿಕೆ, ನೋಟ್ಸ್ ಓದುವ ಪಿಯುಸಿ ವಿದ್ಯಾರ್ಥಿಗೆ ದೊಡ್ಡದೇ ಸರಿ. ಆದರೆ ಅಗ್ಗದ ಹತ್ತು ಇಂಚಿನ ಹಲವು ಮಾದರಿಗಳಲ್ಲೂ ಪರದೆಯ ಚುಕ್ಕಿಗಳು 1280×800 ಮಾತ್ರ. ಅಷ್ಟೇ ಚುಕ್ಕಿಗಳು ದೊಡ್ಡ ಜಾಗಕ್ಕೆ ಹರಡಿದಾಗ ಇಂಚಿಗೆ ಸುಮಾರು 150 ಬೀಳುತ್ತವೆ, 8.7 ಇಂಚಿನ 1340×800 ಪರದೆಯಲ್ಲಿ ಸುಮಾರು 180. ಕನ್ನಡ ಓದುವ ಕಣ್ಣಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ, ಯಾಕೆಂದರೆ ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕದಾಗಿ ಕೂರುತ್ತವೆ. ಚುಕ್ಕಿ ಸಾಲದಿದ್ದರೆ ಮೊದಲು ಮಸುಕಾಗುವುದು ಅವೇ. ಮೇಲಾಗಿ 11 ಇಂಚಿನದ್ದು ಅರ್ಧ ಕೆ.ಜಿ.ಗೆ ಹತ್ತಿರ ತೂಗುತ್ತದೆ, ಅಜ್ಜಿ ಅದನ್ನು ಒಂದೇ ಕೈಯಲ್ಲಿ ಹಿಡಿದು ಹರಿಕಥೆ ಕೇಳಲಾರಳು.

ಈ ಲೆಕ್ಕಕ್ಕೆ ಹೊಂದುವ ಯಂತ್ರಗಳು ಇಲ್ಲದಿಲ್ಲ. 2023ರ ಅಕ್ಟೋಬರ್‌ನಲ್ಲಿ ಭಾರತಕ್ಕೆ ಬಂದ ಸ್ಯಾಮ್ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9 ಆಗ 12,999 ರೂಪಾಯಿಗೆ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, ಹೀಲಿಯೊ ಜಿ99 ಪ್ರೊಸೆಸರ್ ಕೊಟ್ಟಿತು, ತೂಕ 332 ಗ್ರಾಂ. 2024ರ ಜುಲೈನಲ್ಲಿ ಬಂದ ರೆಡ್ಮಿ ಪ್ಯಾಡ್ ಎಸ್‌ಇ 8.7 ಬೆಲೆಯಲ್ಲಿ ಅದಕ್ಕಿಂತ ಕೆಳಗೆ ನಿಂತಿತು. ಅದರ ಪ್ರೊಸೆಸರ್ ತುಸು ಹಿಂದಿನ ತಲೆಮಾರಿನ ಜಿ85, ಬ್ಯಾಟರಿ ಮಾತ್ರ 6,650 ಎಂಎಎಚ್, ಎ9ರದ್ದು 5,100. ಕರೆಂಟ್ ಆಗಾಗ ಕೈಕೊಡುವ ಊರಿನಲ್ಲಿ, ವಿಡಿಯೊ ಬಿಟ್ಟರೆ ಹೆಚ್ಚಿನದೇನೂ ಬೇಡದವರಿಗೆ ಎರಡನೆಯದು ಒಪ್ಪುತ್ತದೆ. ಹೆಚ್ಚು ವರ್ಷ ಎಳೆಯಬೇಕೆಂದಿದ್ದರೆ ವೇಗದ ಪ್ರೊಸೆಸರಿಗೇ ಮತ. ಮಾದರಿಗಳ ಹೆಸರು ವರ್ಷವರ್ಷ ಬದಲಾಗುತ್ತವೆ, ಕೇಳಬೇಕಾದ ಪ್ರಶ್ನೆಗಳು ಇವೇ.

ರಿಪೇರಿಯ ಮಾತು ಬಾಕಿ ಇದೆ. ನರಸಾಪುರದಲ್ಲಿ ಐಫೋನ್ ತಯಾರಾಗುತ್ತದೆ. ವಿಸ್ಟ್ರಾನ್ ಕಟ್ಟಿದ ಆ ಕಾರ್ಖಾನೆಯನ್ನು ಟಾಟಾ ಸಂಸ್ಥೆ ಕೊಳ್ಳುವ ಒಪ್ಪಂದ ಪ್ರಕಟವಾದದ್ದು 2023ರ ಅಕ್ಟೋಬರ್‌ನಲ್ಲಿ. ಜಿಲ್ಲೆಯ ಯುವಜನರ ಕೈಗೆ ಆ ಕುಸುರಿ ಕೆಲಸ ಚೆನ್ನಾಗಿ ಒಗ್ಗಿದೆ. ಆದರೂ ಸಣ್ಣ ಟ್ಯಾಬ್ಲೆಟ್‌ನ ಪರದೆ ಒಡೆದರೆ ಬದಲಿ ಪರದೆಗೆ ಬೆಂಗಳೂರಿನ ಎಸ್.ಪಿ. ರಸ್ತೆಗೇ ಹೇಳಿಕಳಿಸಬೇಕಾಗಬಹುದು, ಯಾಕೆಂದರೆ ಹೆಚ್ಚು ಖರ್ಚಾಗುವ ಫೋನಿನ ಭಾಗಗಳಷ್ಟೇ ಸಣ್ಣ ಊರಿನ ಅಂಗಡಿಯಲ್ಲಿ ದಾಸ್ತಾನಿರುವುದು ಸಹಜ. ಬ್ರಾಂಡಿನ ಸರ್ವಿಸ್ ಸೆಂಟರ್ ಎಲ್ಲಿದೆ ಎಂದು ಕೊಳ್ಳುವ ಮೊದಲೇ ವಿಚಾರಿಸಬೇಕು, ಇನ್ನೂರು ಮುನ್ನೂರರ ಗಟ್ಟಿ ಕವರ್ ಅದೇ ದಿನ ಹಾಕಿಸಬೇಕು. ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಿಗೆ ಇಂಥ ಸಾಧನ ಕೊಳ್ಳುವವರಂತೂ ಕಡಿಮೆ ದರವನ್ನಷ್ಟೇ ನೋಡದೆ ಅಪ್‌ಡೇಟ್ ಮತ್ತು ಬಿಡಿಭಾಗಗಳ ಭರವಸೆಯನ್ನು ಟೆಂಡರಿನಲ್ಲೇ ಬರೆಸಬೇಕು. ಹತ್ತಾರು ಮಕ್ಕಳು ಸರದಿಯಲ್ಲಿ ಬಳಸುವ ಯಂತ್ರ ಅದು.

ಕೊನೆಗೆ ಬಿಲ್ಲು. ಟ್ಯಾಬ್ಲೆಟ್ ಮೇಲೆ ಶೇ 18 ಜಿಎಸ್‌ಟಿ ಇರುವುದರಿಂದ ಬಿಲ್ ಬೇಡವೆಂದರೆ ಸಾವಿರ ಬಿಡುತ್ತೇವೆ ಎನ್ನುವವರು ಸಿಗಬಹುದು. ಒಪ್ಪಬಾರದು. ಪೆಟ್ಟಿಗೆಯ ಮೇಲೆ ಬಿಐಎಸ್ ಗುರುತು, ಅದರ ಜೊತೆಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ತಾಳೆ ನೋಡಬಹುದು. ತೊಂದರೆಯಾದರೆ 1915 ಗ್ರಾಹಕ ಸಹಾಯವಾಣಿ ಇದೆ, ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಡಿ ಐದು ಲಕ್ಷ ರೂಪಾಯಿವರೆಗಿನ ವಸ್ತುವಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರಿಲ್ಲದೆಯೂ ವಾದಿಸಬಹುದು. ಆದರೆ ದೂರಿಗೆ ಲಗತ್ತಿಸಲು ಬಿಲ್ಲಿನ ಪ್ರತಿ ಕೈಯಲ್ಲಿರಬೇಕು.