ಬಾಡಿಗೆ ಮನೆಯ ಬಾಗಿಲಲ್ಲಿ ಸಹಾಯಕ ನಾಯಿ

‘ಸಾಕುಪ್ರಾಣಿಗಳಿಗೆ ಅವಕಾಶವಿಲ್ಲ’ ಎಂದು ಕರಾರಿನಲ್ಲಿ ಬರೆದುಕೊಂಡಿರುವ ಮನೆ ಮಾಲೀಕರ ಮುಂದೆ ಅಂಧ ಬಾಡಿಗೆದಾರರೊಬ್ಬರು ತಮ್ಮ ಮಾರ್ಗದರ್ಶಿ ನಾಯಿಯೊಡನೆ ಬಂದು ನಿಂತರೆ ಏನು ಮಾಡಬೇಕು?

ಅಮೆರಿಕದಲ್ಲಿ ಇದಕ್ಕೆ ಕಾನೂನೇ ಉತ್ತರ ಕೊಟ್ಟಿದೆ. ಅಲ್ಲಿನ 1968ರ ನ್ಯಾಯಯುತ ವಸತಿ ಕಾಯ್ದೆಗೆ 1988ರಲ್ಲಿ ತಂದ ತಿದ್ದುಪಡಿಯು ಅಂಗವಿಕಲರಿಗೂ ರಕ್ಷಣೆ ಒದಗಿಸಿತು. ಸಹಾಯಕ ಪ್ರಾಣಿಗಾಗಿ ಪ್ರತ್ಯೇಕ ಠೇವಣಿ ಕೇಳುವಂತಿಲ್ಲ, ಆದರೆ ಅದು ಮನೆಗೆ ಹಾನಿ ಮಾಡಿದರೆ ವೆಚ್ಚ ವಸೂಲು ಮಾಡಬಹುದು ಎಂದು ವಸತಿ ಮತ್ತು ನ್ಯಾಯ ಇಲಾಖೆಗಳು 2004ರಲ್ಲಿ ಜಂಟಿಯಾಗಿ ಸ್ಪಷ್ಟಪಡಿಸಿದವು. ಅಂಧರಿಗೆ ಬಿಳಿ ಕೋಲು ಹೇಗೋ ಈ ನಾಯಿಯೂ ಹಾಗೆ. ಕೋಲಿಗೆ ಯಾರೂ ಬಾಡಿಗೆ ಕೇಳುವುದಿಲ್ಲವಷ್ಟೆ.

ತೊಡಕು ಇರುವುದು ಕಣ್ಣಿಗೆ ಕಾಣದ ವೈಕಲ್ಯದಲ್ಲಿ. ತೀವ್ರ ಖಿನ್ನತೆಯಿಂದ ಬಳಲುವವರು, ಯುದ್ಧದ ಆಘಾತ ಹೊತ್ತು ಮರಳಿದ ಯೋಧರು ಮಾನಸಿಕ ಆಸರೆಗಾಗಿ ಪ್ರಾಣಿಯನ್ನು ಇಟ್ಟುಕೊಳ್ಳಲು ಅನುಮತಿ ಕೋರುತ್ತಾರೆ. ಆಗ ಮಾಲೀಕರು ವೈದ್ಯರ ಪತ್ರ ಕೇಳಬಹುದು, ಇಡೀ ಕಾಯಿಲೆಯ ಕಡತವನ್ನಲ್ಲ. ಈ ಪತ್ರವೇ ಅಂತರ್ಜಾಲದಲ್ಲಿ ಹಣಕ್ಕೆ ದೊರೆಯತೊಡಗಿದಾಗ ಎಲ್ಲ ಅರ್ಜಿಗಳ ಮೇಲೂ ಸಂಶಯದ ನೆರಳು ಬಿತ್ತು. ಕಳ್ಳ ಪತ್ರ ತಂದವನು ಒಳಸೇರಿಕೊಂಡ. ನಿಜವಾದ ನೊಂದವರು ಹೊಸ್ತಿಲಲ್ಲಿ ನಿಂತು ತಮ್ಮ ಕಾಯಿಲೆಯನ್ನು ಸಾಬೀತುಪಡಿಸಬೇಕಾಯಿತು.

ಫ್ಲಾರಿಡಾ 2020ರಲ್ಲಿ ಸುಳ್ಳು ದಾಖಲೆ ಕೊಡುವುದನ್ನು ಅಪರಾಧವೆಂದು ಸಾರಿತು. ಕ್ಯಾಲಿಫೋರ್ನಿಯಾದಲ್ಲಿ ಆಸರೆಯ ನಾಯಿಗೆ ಪತ್ರ ಕೊಡುವ ವೈದ್ಯರಿಗೆ ರೋಗಿಯ ಪರಿಚಯ ಕನಿಷ್ಠ 30 ದಿನಗಳದ್ದಾಗಿರಬೇಕೆಂಬ ನಿಯಮ 2022ರಿಂದ ಜಾರಿಗೆ ಬಂತು. ಎರಡನೆಯದೇ ಹೆಚ್ಚು ವಿವೇಕದ್ದು. ಅದು ಪತ್ರದ ಅಂಗಡಿಯನ್ನು ತಡೆಯುತ್ತದೆ, ರೋಗಿಯನ್ನು ಹೆದರಿಸುವುದಿಲ್ಲ. ವಿಮಾನಗಳಲ್ಲಿ ಇಂಥ ಆಸರೆಯ ಪ್ರಾಣಿಗಳನ್ನು ಸೇವಾ ಪ್ರಾಣಿಗಳೆಂದು ಒಪ್ಪಬೇಕಾಗಿಲ್ಲವೆಂದು 2020ರ ಡಿಸೆಂಬರ್‌ನಲ್ಲಿ ಆದೇಶವಾಯಿತು. ಮನೆಗಳಿಗೂ ಅದನ್ನೇ ಅನ್ವಯಿಸಿ ಎನ್ನುವ ಮಾಲೀಕರು, ವಿಮಾನಯಾನ ಕೆಲವು ತಾಸುಗಳದ್ದು, ವಾಸ ವರ್ಷಗಳದ್ದು ಎಂಬುದನ್ನು ಮರೆಯುತ್ತಾರೆ.

ಅಲ್ಲಿ ಮನೆ ಕೊಂಡು ಒಂದು ಭಾಗವನ್ನು ಬಾಡಿಗೆಗೆ ಕೊಟ್ಟಿರುವ ಕನ್ನಡಿಗರು ಗಮನಿಸಬೇಕಾದ ವಿನಾಯಿತಿಯೊಂದಿದೆ. ಮಾಲೀಕರೇ ವಾಸವಿರುವ, ನಾಲ್ಕು ಅಥವಾ ಕಡಿಮೆ ಮನೆಗಳ ಕಟ್ಟಡಕ್ಕೆ ಕೇಂದ್ರ ಕಾಯ್ದೆಯ ಈ ಕಟ್ಟುಪಾಡು ಅನ್ವಯಿಸದು. ರಾಜ್ಯದ ಕಾನೂನು ಮಾತ್ರ ಇನ್ನೂ ಬಿಗಿಯಾಗಿರಬಹುದು.

ನಮ್ಮಲ್ಲಿ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ‘ಸಮಂಜಸ ಹೊಂದಾಣಿಕೆ’ಯ ಮಾತಿದೆ, ಬಾಡಿಗೆ ಮನೆಯ ಸಹಾಯಕ ಪ್ರಾಣಿಯ ಉಲ್ಲೇಖವಿಲ್ಲ. ನಿವಾಸಿಗಳ ಸಂಘಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲವೆಂದು 2021ರಲ್ಲಿ ಕೇರಳ ಹೈಕೋರ್ಟ್ ತೀರ್ಪಿತ್ತಿತು. ಆದರೆ ಅದು ಸಂಘದ ಕಟ್ಟಳೆಗೆ ಸಂಬಂಧಿಸಿದ್ದು. ಬೆಂಗಳೂರಿನಲ್ಲಿ ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕುವ ಅಂಧ ಬಾಡಿಗೆದಾರರ ನಾಯಿ ಒಳಗೆ ಬರಬೇಕೋ ಬೇಡವೋ ಎಂಬುದು ಇಂದಿಗೂ ಮಾಲೀಕರ ಮರ್ಜಿ.